ಐರಿಸ್ ಎಳೆದ ಹಳದಿ ಗೆರೆ

“ಟಕ್!” ಎಂದಿತು ಅಮ್ಮನ ಕೈಯಲ್ಲಿದ್ದ, ನಟ್ಟು ಬಿಗಿಯುವ ಉದ್ದನೆಯ ಪಾನಾ.

“ಗೆರೆ!” ಎಂದಳು ಅಮ್ಮ.

ಐರಿಸ್ ಸಣ್ಣ ಬ್ರಷ್ಷನ್ನು ಹಳದಿ ಬಣ್ಣದಲ್ಲಿ ಅದ್ದಿದಳು. ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ನಟ್ಟಿನ ಮೇಲಿಂದ ಪಕ್ಕದ ಕಬ್ಬಿಣದವರೆಗೆ ಪುಟ್ಟದೊಂದು ಗೆರೆ ಎಳೆದಳು.

“ಮುಗೀತು ಪುಟ್ಟಿ! ಇದೇ ಕೊನೇ ನಟ್ಟು!” ಅಮ್ಮ ಗ್ಯಾರೇಜಿನ ನೆಲದ ಮೇಲೆಯೇ ಕಾಲು ಚಾಚಿ ಕುಳಿತುಬಿಟ್ಟಳು. ಮೂಗಿನ ಮೇಲೆ ಗ್ರೀಸ್, ಕೂದಲಲ್ಲಿ ಗ್ರೀಸ್. ಮುಖದ ತುಂಬಾ ನಗು.

ಎರಡು ವರ್ಷದ ಹಿಂದೆ ಈ ಕಾರು ಇಪ್ಪತ್ತಮೂರು ಡಬ್ಬಗಳಲ್ಲಿ ತುಂಬಿಕೊಂಡು ಲಾರಿಯಲ್ಲಿ ಬಂದಿತ್ತು. ಜೊತೆಗೆ ಹೇಗೆ ಜೋಡಿಸಬೇಕು ಎಂದು ಹೇಳುವ ದಪ್ಪ ಪುಸ್ತಕ. ಅಮ್ಮ ಐರಿಸ್‌ನಷ್ಟಿದ್ದಾಗ ಒಮ್ಮೆ ರಸ್ತೆಯಲ್ಲಿ ಒಂದು ಹಳೆಯ ರೇಸ್ ಕಾರು ನೋಡಿದ್ದಳಂತೆ. ಉದ್ದ ಮೂಗು, ದುಂಡು ದೀಪ, ತಲೆಯ ಮೇಲೆ ಛಾವಣಿಯೇ ಇಲ್ಲ. ಅಂಥ ನಿಜವಾದ ಕಾರು ಈಗ ಬೇಕೆಂದರೂ ಸಿಗುವುದಿಲ್ಲ. ಇದು ಅದರ ಅವಳಿ. ಮನೆಯಲ್ಲೇ ಕೂತು ಜೋಡಿಸಬೇಕು. ಅಮ್ಮ ವಾರವಿಡೀ ಊರಿನ ಎರಡಂತಸ್ತಿನ ಬಸ್ಸು ಓಡಿಸುತ್ತಾಳೆ, ಬಿಡುವು ಸಿಕ್ಕಾಗಲೆಲ್ಲ ಗ್ಯಾರೇಜು ಸೇರುತ್ತಾಳೆ. ಅಪ್ಪನ ಸೈಕಲ್ಲೂ ಬಟ್ಟೆ ಒಗೆಯುವ ಮಶೀನೂ ಅಲ್ಲಿಂದ ಯಾವತ್ತೋ ಗಡೀಪಾರಾಗಿದ್ದವು.

ಕೆಲಸಕ್ಕೆ ಒಂದೇ ಒಂದು ಕಾನೂನು. ನಟ್ಟು ಬೇಕಾದಷ್ಟು ಬಿಗಿಯಾದ ಕೂಡಲೇ ಆ ಪಾನಾ ಟಕ್ ಎನ್ನುತ್ತದೆ. ಟಕ್ ಎಂದ ಮೇಲೆ ಗೆರೆ. ಗೆರೆ ಇದ್ದರೆ ಆ ನಟ್ಟು ಬಿಗಿಯಾಗಿದೆ ಎಂದು ಅರ್ಥ, ಮತ್ತೆ ಮುಟ್ಟಬೇಕಾಗಿಲ್ಲ. ಪಾನಾ ಹಿಡಿಯುವುದು ಅಮ್ಮ, ಗೆರೆ ಎಳೆಯುವುದು ಐರಿಸ್.

ನಾಳೆ ಬೆಳಗ್ಗೆ ಎಂಟಕ್ಕೆ ಟೆಸ್ಟು. ಹತ್ತು ವಾರ ಕಾದ ಮೇಲೆ ಸಿಕ್ಕ ದಿನ. ಸರ್ಕಾರದ ಇನ್ಸ್‌ಪೆಕ್ಟರು ಕಾರನ್ನು ಮೂಲೆಮೂಲೆಯೂ ನೋಡಿ ಸರಿ ಎಂದರೆ ನಂಬರ್ ಪ್ಲೇಟು ಸಿಗುತ್ತದೆ. ಆಮೇಲೆ ಮೊದಲ ಸವಾರಿ. ಅಮ್ಮನ ಪಕ್ಕದ ಸೀಟು ಐರಿಸ್‌ಳದು. ಸ್ಕೂಲಿನ ಮುಂದೆ ಮೂರು ಸುತ್ತು ಹೊಡೆಯುವುದು ಎಂದು ಮಾತಾಗಿತ್ತು.

ಬೇಲಿಯಾಚೆಯಿಂದ ಪಕ್ಕದ ಮನೆಯ ಪಿಕರಿಂಗ್ ತಾತ ಕತ್ತು ಚಾಚಿದರು. ಕೈಯಲ್ಲಿ ಗಿಡ ಕತ್ತರಿಸುವ ಕತ್ತರಿ ಇತ್ತು, ಆದರೆ ಅವರು ಗಿಡ ಕತ್ತರಿಸಿದ್ದನ್ನು ಯಾರೂ ಕಂಡವರಿಲ್ಲ.

“ಏನಮ್ಮಾ ಲಿಂಡ್ಸಿ, ನಾಳೆ ನಾಲ್ಕು ಚಕ್ರಾನೂ ಒಟ್ಟಿಗೇ ಹೋಗ್ತವಾ? ಇಲ್ಲಾ ಒಂದೊಂದು ಒಂದೊಂದು ದಿಕ್ಕಿಗಾ?”

ಅಮ್ಮ ಜೋರಾಗಿ ನಕ್ಕಳು. “ನಮ್ಮ ಐರಿಸ್ ಗೆರೆ ನೋಡಿ ತಾತ, ಆಮೇಲೆ ಮಾತಾಡಿ. ನನ್ನ ನೆನಪನ್ನ ನಾನು ನಂಬಲ್ಲ. ಇವಳ ಗೆರೆ ನಂಬ್ತೀನಿ.”

ಐರಿಸ್‌ಗೂ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ನಾಲ್ಕು ಚಕ್ರ. ಹಿಂದಿನ ಎಡಚಕ್ರ. ಮಾರ್ಚ್ ತಿಂಗಳ ಆ ಶನಿವಾರ.

ಅವತ್ತು ಕಾರಿಗೆ ಮೈಯೇ ಇರಲಿಲ್ಲ, ಬರೀ ಅಸ್ಥಿಪಂಜರ. ಅಮ್ಮ ಹಿಂದಿನ ಬಲಚಕ್ರವನ್ನು ಒಳಗಡೆಯಿಂದ ಹಿಡಿದಿಡುವ ನಟ್ಟುಗಳನ್ನೆಲ್ಲ ಬಿಗಿದು ಮುಗಿಸಿದ್ದಳು. ಅಷ್ಟರಲ್ಲಿ ಬಸ್ ಡಿಪೋದಿಂದ ಫೋನು. ಯಾರೋ ಡ್ರೈವರಿಗೆ ಹುಷಾರಿಲ್ಲವಂತೆ, ತಕ್ಷಣ ಬರಬೇಕಂತೆ. “ಎಡಗಡೆದು ಬಂದು ಬಿಗೀತೀನಿ ಪುಟ್ಟಿ, ಬ್ರಷ್ ತೊಳೆದಿಡು” ಎಂದು ಅಮ್ಮ ಓಡಿದ್ದಳು. ಗೇಟಿನ ಹತ್ತಿರ ಗೆಳತಿ ಫರ್ನ್ ಈಜಿನ ಬ್ಯಾಗು ಹಿಡಿದು, “ಬೇಗ ಬಾರೇ, ಎಷ್ಟೊತ್ತೇ ನಿಂದು!” ಎಂದು ಕೂಗುತ್ತಿದ್ದಳು. ಬ್ರಷ್ಷಿನ ತುಂಬ ಬಣ್ಣವಿತ್ತು. ಅಮ್ಮ ಹೇಗೂ ಬಂದು ಬಿಗಿಯುತ್ತಾಳೆ, ಗೆರೆ ಮೊದಲೇ ಇದ್ದರೆ ಏನಾಯಿತು ಎಂದುಕೊಂಡು ಐರಿಸ್ ಎಡಗಡೆಯ ನಟ್ಟುಗಳ ಮೇಲೆ ಸರಸರನೆ ಗೆರೆ ಎಳೆದು ಓಡಿಬಿಟ್ಟಿದ್ದಳು.

ಆಮೇಲೆ ಅಮ್ಮ ಬಿಗಿದಳೇ? ಅಥವಾ ಗೆರೆ ನೋಡಿ, ಆಗಿದೆ ಎಂದುಕೊಂಡಳೇ?

ರಾತ್ರಿ ಊಟಕ್ಕೆ ಅಪ್ಪ ಐರಿಸ್‌ಗೆ ಇಷ್ಟವೆಂದೇ ಮೀನಿನ ತುಂಡು ಕರಿದಿದ್ದ. ಅವಳು ಅದನ್ನು ತಟ್ಟೆಯಲ್ಲೇ ಆಚೀಚೆ ತಳ್ಳುತ್ತಿದ್ದಳು. ಹೇಳಿದರೆ ನಾಳೆಯ ಟೆಸ್ಟು ಹೋಗುತ್ತದೆ. ಹೇಳದಿದ್ದರೆ? ಅಮ್ಮ ಸ್ಟೀರಿಂಗ್ ಹಿಡಿದು ನಗುತ್ತಾ ಕೂತಿರುವುದು ಕಣ್ಣಿಗೆ ಕಟ್ಟಿತು. ಆ ಎಡಚಕ್ರವೂ ಕಂಡಿತು.

“ಏನಾಯ್ತು ನಮ್ಮ ಚೀಫ್ ಮೆಕ್ಯಾನಿಕ್‌ಗೆ? ಈಗಲೇ ನಾಳೆದು ಭಯಾನಾ?” ಎಂದ ಅಪ್ಪ.

“ಅಮ್ಮಾ,” ಐರಿಸ್ ತಟ್ಟೆಯನ್ನೇ ನೋಡುತ್ತಾ ಹೇಳಿದಳು, “ಹಿಂದಿನ ಎಡಚಕ್ರದ್ದು... ಅವತ್ತು ನೀನು ಬಸ್ಸಿಗೆ ಹೋದ್ಯಲ್ಲ. ಟಕ್ ಅನ್ನೋಕೆ ಮುಂಚೇನೇ ನಾನು ಗೆರೆ ಎಳೆದ್ಬಿಟ್ಟೆ.”

ಅಮ್ಮನ ಫೋರ್ಕು ನಿಂತಿತು. “ಎಷ್ಟು ನಟ್ಟು?”

“ನಾಲ್ಕು. ನೀನು ಆಮೇಲೆ ಬಿಗಿದ್ಯಾ?”

ಅಮ್ಮ ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದಳು. “ಗೊತ್ತಿಲ್ಲ,” ಎಂದಳು ಕೊನೆಗೆ. “ಗೆರೆ ಇತ್ತು. ಅದಕ್ಕೇ... ಐರಿಸ್!”

ಅಷ್ಟೇ ಅಂದಿದ್ದು. ಬೈದಿದ್ದರೇ ಚೆನ್ನಾಗಿತ್ತು.

“ಈಗಲೇ ನೋಡಿದ್ರೆ ಆಯ್ತಲ್ಲ,” ಎಂದ ಅಪ್ಪ.

“ಮೈ ಕೂರಿಸಿದ ಮೇಲೆ ಅಲ್ಲಿಗೆ ಕೈ ಹೋಗಲ್ಲ ಗ್ಯಾರೆತ್. ಮೈಯನ್ನೇ ಎತ್ತಬೇಕು. ಒಂದು ಇಡೀ ದಿನದ ಕೆಲಸ, ನಾಲ್ಕು ಜನ ಬೇಕು.”

“ಹಾಗಾದ್ರೆ ನಾಳೆ ಟೆಸ್ಟ್ ಮುಗಿಸಿಕೊಂಡು ಬಂದೇ ಎತ್ತೋಣ. ಟ್ರೇಲರ್ ಮೇಲೆ ತಾನೇ ಹೋಗೋದು? ಆ ನಟ್ಟು ಇನ್ಸ್‌ಪೆಕ್ಟರ್ ಕಣ್ಣಿಗೂ ಬೀಳಲ್ಲ.”

“ಅಲ್ಲಿ ಬ್ರೇಕ್ ನೋಡೋಕೆ ಅವರೇ ಕಾರು ಓಡಿಸ್ತಾರೆ,” ಎಂದಳು ಅಮ್ಮ. ಎದ್ದು ಫೋನು ತೆಗೆದುಕೊಂಡು ಪಡಸಾಲೆಗೆ ಹೋದಳು. “ನಾಳೆ ಬರೋಕಾಗಲ್ಲ, ಬೇರೆ ದಿನ ಬೇಕು” ಎಂದು ಸಂದೇಶ ಬಿಡುವುದು ಒಳಗೆ ಕೇಳಿಸಿತು. ಆಮೇಲೆ ಗ್ಯಾರೇಜಿನ ಬಾಗಿಲ ಸದ್ದು.

ಐರಿಸ್ ಮೆಲ್ಲಗೆ ಹೋಗಿ ಇಣುಕಿದಳು. ಅಮ್ಮ ಕಾರಿನೊಳಗೆ ಕೂತಿದ್ದಳು, ಎರಡೂ ಕೈ ಸ್ಟೀರಿಂಗ್ ಮೇಲೆ. ದಿನಾ ಹಾಗೆ ಕೂತಾಗ ಬಾಯಲ್ಲೇ “ವ್ರೂಂ” ಎನ್ನುತ್ತಿದ್ದಳು. ಇವತ್ತು ಅದಿಲ್ಲ. ಐರಿಸ್‌ಗೆ ಅಳು ಉಕ್ಕಿ ಬಂತು.

“ಬಾ ಇಲ್ಲಿ,” ಎಂದಳು ಅಮ್ಮ.

ಐರಿಸ್ ಪಕ್ಕದ ಸೀಟಿಗೆ ಇಳಿದಳು. “ನನ್ನ ಮೇಲೆ ಸಿಟ್ಟಾ ಅಮ್ಮ?”

“ಹೂಂ. ತುಂಬಾ. ಇನ್ನೂ ಸ್ವಲ್ಪ ಹೊತ್ತು ಇರುತ್ತೆ. ಆಮೇಲೆ ಹೋಗುತ್ತೆ.”

“ನಾನು ಹೇಳ್ದೇ ಇದ್ದಿದ್ರೆ ನಾಳೆ ಪಾಸಾಗ್ತಿತ್ತು ಅಲ್ವಾ?”

“ಆಗ್ತಿತ್ತೋ ಏನೋ.” ಅಮ್ಮ ತೋಳಿನಿಂದ ಅವಳನ್ನು ಬಳಸಿ ಹತ್ತಿರಕ್ಕೆ ಎಳೆದುಕೊಂಡಳು. ಗ್ರೀಸಿನ ವಾಸನೆ ಬಂತು. ಸಿಟ್ಟು ಹೋಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು.

ಶನಿವಾರ ಕಾರಿನ ಮೈ ಎತ್ತಲು ಅಪ್ಪ ಬಂದ, ಫರ್ನ್‌ಳ ಅಪ್ಪ ಬಂದರು, ಪಿಕರಿಂಗ್ ತಾತನೂ ಕತ್ತರಿ ಬಿಟ್ಟು ಬಂದರು. ಮುಂದಿನ ಟೆಸ್ಟಿನ ದಿನ ಸಿಕ್ಕಿದ್ದು ಬೇಸಿಗೆ ರಜೆಯ ಕೊನೆಗೆ. ತಾತನಿಗೆ ಯಾರೂ ವಿಷಯ ಹೇಳಿರಲಿಲ್ಲ. “ಎತ್ತಿ ಕೂರಿಸೋದು, ಕೂರಿಸಿ ಎತ್ತೋದು! ಕಾರಲ್ಲಮ್ಮ ಇದು, ಸೋಫಾ!” ಎಂದು ಅವರು ಗೊಣಗುತ್ತಲೇ ಹಿಡಿದರು.

“ನಾನು ತಪ್ಪು ಗೆರೆ ಎಳೆದಿದ್ದೆ ತಾತ, ಅದಕ್ಕೇ,” ಎಂದಳು ಐರಿಸ್.

ತಾತ ಒಮ್ಮೆ ಅವಳನ್ನು ನೋಡಿದರು. ಆಮೇಲೆ ಹಿಡಿತ ಬಿಗಿಮಾಡಿಕೊಂಡರು.

ಮೈ ಮೇಲೆದ್ದಿತು, ಎತ್ತರದ ಆಸರೆಗಳ ಮೇಲೆ ಕೂತಿತು. ಅಮ್ಮ ಎಡಚಕ್ರದ ಹತ್ತಿರ ಮಂಡಿಯೂರಿ ಮೊದಲ ನಟ್ಟಿಗೆ ಪಾನಾ ಹಾಕಿ ಎಳೆದಳು. ಟಕ್ ಎನ್ನಲಿಲ್ಲ. ನಟ್ಟು ಸಲೀಸಾಗಿ ತಿರುಗಿತು, ಹಳದಿ ಗೆರೆ ಎರಡು ತುಂಡಾಯಿತು. ಎರಡನೆಯದೂ ತಿರುಗಿತು. ಮೂರನೆಯದೂ, ನಾಲ್ಕನೆಯದೂ. ಅಪ್ಪ ಬಂದು ಐರಿಸ್‌ಳ ತಲೆಯ ಮೇಲೆ ಕೈಯಿಟ್ಟ.

ಐರಿಸ್ ಬಟ್ಟೆಗೆ ತಿನ್ನರ್ ಹಾಕಿಕೊಂಡು ತನ್ನ ಹಳೆಯ ಗೆರೆಗಳನ್ನು ಒಂದೊಂದಾಗಿ ಉಜ್ಜಿ ತೆಗೆದಳು. ಬೇಗ ಹೋಗಲಿಲ್ಲ. ಬೆರಳು ಉರಿಯಿತು.

“ಈ ಸಲ ನೀನೇ ಗೆರೆ ಎಳಿ ಅಮ್ಮ,” ಎಂದಳು.

“ನಾನ್ಯಾಕೆ? ನನ್ನ ಕೈಗೆ ಬೇರೆ ಕೆಲಸ ಇದೆ. ಅಲ್ಲಿ ಬ್ರೇಕ್ ಪೈಪ್ ನೋಡಬೇಕು.” ಅಮ್ಮ ಉದ್ದನೆಯ ಪಾನಾವನ್ನು ಅವಳ ಕೈಗೇ ಕೊಟ್ಟಳು. “ಈ ನಾಲ್ಕು ನಿಂದು. ಎರಡೂ ಕಾಲು ಊರಿ ಎಳಿ.”

ಪಾನಾ ಐರಿಸ್ ಎಣಿಸಿದ್ದಕ್ಕಿಂತ ಭಾರವಿತ್ತು. ಅವಳು ಕಾಲೂರಿ ಎಳೆದಳು. ಮುಖ ಕೆಂಪಾಯಿತು. ಇನ್ನಾಗುವುದಿಲ್ಲ ಎನ್ನುವಾಗ ಕೈಯೊಳಗೇ ಒಂದು ಸಣ್ಣ ಏಟು ಬಿದ್ದಂತಾಯಿತು.

ಟಕ್.

ಐರಿಸ್ ಬ್ರಷ್ ಎತ್ತಿಕೊಳ್ಳಲಿಲ್ಲ. ಪಾನಾವನ್ನು ಮತ್ತೆ ಹಾಕಿ ಇನ್ನೊಮ್ಮೆ ಎಳೆದಳು. ಟಕ್. ಆಮೇಲೆ ಬಣ್ಣದಲ್ಲಿ ಅದ್ದಿ, ನಿಧಾನವಾಗಿ, ಒಂದು ಗೆರೆ. ಗೇಟಿನಿಂದ ಫರ್ನ್ ಕೂಗಿದಳು, “ಐರಿಸ್, ಬರ್ತೀಯೇನೇ?” “ಹೋಗಿರು, ಆಮೇಲೆ ಬರ್ತೀನಿ” ಎಂದು ಐರಿಸ್ ತಿರುಗಿಯೂ ನೋಡದೆ ಹೇಳಿದಳು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ತೋಳು ಸೋತುಹೋಗಿತ್ತು, ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಂಡು ಎಳೆದಳು.

“ಆಯ್ತಮ್ಮಾ. ನಾಲ್ಕೂ ಆಯ್ತು. ಬಂದು ನೋಡ್ತೀಯಾ?”

ಅಮ್ಮ ಕಾರಿನ ಆ ಬದಿಯಲ್ಲಿ ಬ್ರೇಕ್ ಪೈಪಿನ ಮೇಲೆ ಬಗ್ಗಿದ್ದಳು. ತಲೆ ಎತ್ತಲಿಲ್ಲ.

“ಗೆರೆ ಎಳೆದ್ಯಾ?”

“ಹೂಂ.”

“ಸರಿ ಹಾಗಾದ್ರೆ,” ಎಂದು ಅಮ್ಮ ಗಂಡಸರ ಕಡೆ ತಿರುಗಿದಳು. “ಬನ್ರಪ್ಪಾ, ಮೈ ಇಳಿಸೋಣ.”

ಐರಿಸ್ ಬ್ರಷ್ಷನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ಡಬ್ಬದ ಪಕ್ಕದಲ್ಲಿ ನೆಟ್ಟಗೆ ಇಟ್ಟಳು. ಆಮೇಲೆ ಅವರ ಜೊತೆ ಕೈ ಕೊಡಲು ಹೋದಳು.