ತಣ್ಣಗಾಗದ ಕೊಳವೆ

ಪ್ಲೆವೆನ್ ನಗರದ ಆಸ್ಪತ್ರೆಯೊಂದರ ರಕ್ತ ಪರೀಕ್ಷಾಲಯದಲ್ಲಿ ನಾನು ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ತ್ಸೋಂಕಾ ಅಜ್ಜಿಯ ಹೃದಯದ ಶಸ್ತ್ರಚಿಕಿತ್ಸೆ ಇತ್ತು. ತಂಪಿಗೆ ರಕ್ತ ಗಂಟುಗಂಟಾಗುವ ಅಪರೂಪದ ರೋಗ ಆಕೆಗಿದ್ದರೆ, ಇಂಥ ಶಸ್ತ್ರಚಿಕಿತ್ಸೆಯಲ್ಲಿ ವಾಡಿಕೆಯಂತೆ ಮೈ ತಣಿಸುವುದರಿಂದ ಸಾವು ಖಚಿತ. ಅದನ್ನು ತಿಳಿಯಲು ಮೊದಲೇ ಆಕೆಯ ರಕ್ತವನ್ನು ತಣ್ಣಗಾಗಿಸಿ ನೋಡಬೇಕಿತ್ತು. ದಾರಿಯಲ್ಲೇ ತಣ್ಣಗಾಗಬಾರದೆಂದು ನರ್ಸ್ ಜ್ದ್ರಾವ್ಕಾ ರಕ್ತದ ಕೊಳವೆಯನ್ನು ಕಂಕುಳಲ್ಲಿ ಬೆಚ್ಚಗಿಟ್ಟುಕೊಂಡು ತಂದಳು.

"ಕಾವು ಕೊಟ್ಟು ಸಾಕಾಯ್ತು. ಮರಿ ಹುಟ್ಟಿದ್ರೆ ನಿಂದೇ ಕಣೇ!"

ಅದನ್ನು ಫ್ರಿಜ್ಜಿನಲ್ಲಿಟ್ಟೆ. ಒಂದು ಗಂಟೆಯ ನಂತರ ಅಕ್ಕಪಕ್ಕದ ಕೊಳವೆಗಳು ನಾಲ್ಕು ಡಿಗ್ರಿಯಲ್ಲಿದ್ದವು; ಇದು ಮೂವತ್ತೇಳರಲ್ಲಿತ್ತು. ಥರ್ಮಾಮೀಟರ್ ಬದಲಿಸಿದರೂ ಅಷ್ಟೇ.

"ಗಂಟಿಲ್ಲ ತಾನೇ? ರೋಗ ಇಲ್ಲ ಅಂತ ಸಹಿ ಹಾಕಮ್ಮ," ಎಂದು ಸರ್ಜನ್ ಕಲೋಯಾನೊವ್ ಫೋನಿನಲ್ಲಿ ಸಿಡುಕಿದರು.

"ತಣ್ಣಗೇ ಆಗದ ರಕ್ತಕ್ಕೆ ಏನಂತ ಸಹಿ ಹಾಕ್ಲಿ ಡಾಕ್ಟ್ರೇ? ಅಜ್ಜೀನ ಬೆಚ್ಚಗಿಟ್ಕೊಂಡೇ ಆಪರೇಷನ್ ಮಾಡಿ."

"ಹಠಮಾರಿ ಹೆಂಗ್ಸು," ಎಂದರು. ಆದರೂ ಒಪ್ಪಿದರು.

11:12ಕ್ಕೆ ಕೊಳವೆ ಒಮ್ಮೆಲೇ ನಾಲ್ಕು ಡಿಗ್ರಿಗಿಳಿಯಿತು. ರಕ್ತ ಒದ್ದೆ ಮರಳಿನಂತೆ ಗಂಟುಗಂಟಾಯಿತು. 11:59ಕ್ಕೆ ಫ್ರಿಜ್ಜಿನೊಳಗೇ ಬೆಚ್ಚಗಾಯಿತು, ಗಂಟುಗಳು ಕರಗಿದವು. ಎರಡೂ ಸಮಯವನ್ನು ದಾಖಲೆ ಪುಸ್ತಕದಲ್ಲಿ ಬರೆದೆ.

ಅಜ್ಜಿ ಸಂಜೆ ಕಣ್ಣು ಬಿಟ್ಟು ನೀರು ಕೇಳಿದಳಂತೆ. ಆಮೇಲೆ ಶಸ್ತ್ರಚಿಕಿತ್ಸೆಯ ವರದಿ ನೋಡಿದೆ. ಕೊಯ್ದು ಹೊಲಿಯಲೆಂದು ವೈದ್ಯರು ಆಕೆಯ ಹೃದಯವನ್ನು ನಿಲ್ಲಿಸಿದ್ದು 11:12ಕ್ಕೆ. ಅದು ಮತ್ತೆ ಬಡಿಯತೊಡಗಿದ್ದು 11:59ಕ್ಕೆ.