ಬೆನ್ನು ತಿರುಗಿಸಿ ಕೂತ ಚರ್ಚು

ವಿಂತಿಲಾನ ಹೆಣ ಚರ್ಚಿನ ಬಲಿಪೀಠದ ಮುಂದೆ ಬಿದ್ದಿತ್ತು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಕಬ್ಬಿಣದ ಹಾರೆ. ಆ ಚರ್ಚನ್ನು ಹಳಿಗಳ ಮೇಲೆ ಎಳೆಸಿದ ಎಂಜಿನಿಯರು ಅವನೇ.

ಬುಖಾರೆಸ್ಟಿನಲ್ಲಿ ಆ ವರ್ಷ ಕಮ್ಯುನಿಸ್ಟ್ ಸರಕಾರದವರು ಹಳೆಯ ಬೀದಿಗಳನ್ನು ಗುಡಿಸಿ ಹಾಕಿ, ಒಂದೇ ಅಚ್ಚಿನ ಕಾಂಕ್ರೀಟು ಕಟ್ಟಡಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಈ ಚರ್ಚನ್ನೂ ಕೆಡವಬೇಕಿತ್ತು. ವಾಸ್ತುಶಿಲ್ಪಿ ರುಕ್ಸಾಂದ್ರ ಮೇಲಿನವರ ಕಾಲು ಹಿಡಿದು, ಜಗಳವಾಡಿ, ಅದನ್ನು ಬುಡಸಮೇತ ಎತ್ತಿಸಿ ಹೊಸ ಕಟ್ಟಡದ ಹಿತ್ತಲಿಗೆ ಸರಿಸಿದ್ದಳು. ಜಾಗ ಸಾಲದೆ ಅದನ್ನು ಪೂರ್ತಿ ಹಿಂದುಮುಂದಾಗಿ ಕೂರಿಸಬೇಕಾಯಿತು. ಬಾಗಿಲ ಎದುರಿಗೆ ಕಟ್ಟಡದ ಗೋಡೆ. ಬೀದಿಗೆ ಕಾಣಬಾರದೆಂಬುದೇ ಷರತ್ತು.

ಈಗ ಕೊಲೆಯ ಆರೋಪ ಅವಳ ಮೇಲೆಯೇ ಬಂದಿತ್ತು. ಚರ್ಚಿನ ಹಾಡುಗಾರ ಪರ್ವು ಕಣ್ಣಾರೆ ಕಂಡೆನೆಂದು ಪೊಲೀಸರಿಗೆ ಹೇಳಿದ್ದ.

"ಬೆಳಿಗ್ಗೆ ಬಾಗ್ಲು ತೆಗ್ದೆ ಸ್ವಾಮಿ. ಬಲಿಪೀಠದ ಹಿಂದಿನ ಕಿಟಕೀಲಿ ಆಗ್ತಾನೆ ಸೂರ್ಯ ಹುಟ್ಟಿದ್ದ. ಆ ಬಿಸಿಲಲ್ಲಿ ಇವಳ ಮುಖ, ಕೈಲಿದ್ದ ಹಾರೆ, ಎಲ್ಲಾ ನಿಚ್ಚಳ ಕಾಣ್ತು."

"ನಾನು ಮನೇಲಿ ಮಲಗಿದ್ದೆ," ಎಂದಳು ರುಕ್ಸಾಂದ್ರ. ಯಾರೂ ನಂಬಲಿಲ್ಲ.

ಚರ್ಚನ್ನು ಮರೆಮಾಡಿದ್ದ ಆ ಹೊಸ ಕಟ್ಟಡದಲ್ಲೇ ನಿವೃತ್ತ ಪತ್ತೇದಾರ ತುದೊರಾಕೆ ವಾಸವಾಗಿದ್ದ. ಮಾರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಅವನು ನೆರೆಮನೆಯ ಹಲ್ಲಿನ ಡಾಕ್ಟರು ಲುಪಾನ್‌ನನ್ನು ಎಬ್ಬಿಸಿಕೊಂಡು ಚರ್ಚಿಗೆ ಹೋದ. ಒಳಗೆ ಕಾಲಿಟ್ಟ ಲುಪಾನ್ ಬೆಂಚಿಗೆ ಮೊಣಕಾಲು ಬಡಿದುಕೊಂಡು ಬೈದ. ಮೇಣದಬತ್ತಿ ಹಚ್ಚಬೇಕಾಯಿತು. ತುದೊರಾಕೆ ಮರದ ಹಲಗೆಯ ಮೇಲಿದ್ದ ಸಂತನ ಚಿತ್ರವನ್ನು ಉಗುರಿನಿಂದ ಕೆರೆದ. ಕಾಗದದ ಚೂರು ಕಿತ್ತು ಬಂತು.

"ನೋಡಿ ಡಾಕ್ಟ್ರೇ, ಈ ಸಂತಂದು ಕಟ್ಟಿಸಿದ ಹಲ್ಲು."

ಅಂದೇ ಎಲ್ಲರನ್ನೂ ಕಟ್ಟಡದ ಸಭಾಕೋಣೆಯಲ್ಲಿ ಸೇರಿಸಿದರು. ಪಕ್ಷದ ಸ್ಥಳೀಯ ಕಾರ್ಯದರ್ಶಿ ಸ್ಟೊಯಿಕಾ ಕೈಗಡಿಯಾರ ನೋಡಿಕೊಳ್ಳುತ್ತಾ ಕೂತಿದ್ದ.

"ಪರ್ವು, ಬಲಿಪೀಠ ಯಾವ ದಿಕ್ಕಿಗಯ್ಯ?" ಎಂದು ಕೇಳಿದ ತುದೊರಾಕೆ.

"ಇದೆಂಥ ಪ್ರಶ್ನೆ? ಪೂರ್ವಕ್ಕೆ. ಎಲ್ಲಾ ಚರ್ಚಲ್ಲೂ ಅಷ್ಟೇ."

"ಎಲ್ಲಾ ಚರ್ಚಲ್ಲೂ ಹೌದು. ನಿನ್ನ ಚರ್ಚು ಮಾತ್ರ ಈಗ ಪಶ್ಚಿಮಕ್ಕೆ ತಿರುಗಿದೆ."

ಪರ್ವುವಿನ ಬಾಯಿ ಅರ್ಧ ತೆರೆದು ನಿಂತಿತು.

"ಹೊತ್ತು ಮೂಡೋವಾಗ ಆ ಕಿಟಕೀಲಿ ಸೂರ್ಯ ಬರಲ್ಲ. ಬಾಗಿಲ ಕಡೆಯಿಂದ ಬರೋ ಬಿಸಿಲಿಗೆ ಈ ಕಟ್ಟಡ ಅಡ್ಡ. ಡಾಕ್ಟ್ರು ಮೊಣಕಾಲು ತೋರಿಸ್ತಾರೆ, ನೋಡು. ಹುಟ್ಟಿದಾಗಿಂದ ಕಂಡಿದ್ದನ್ನ ನಿನ್ನೆ ಕಂಡೆ ಅಂತ ಹೇಳ್ದೆ. ಸುಳ್ಳು ಯಾಕೆ ಬೇಕಾಯ್ತು? ಸಂತರ ಹಳೇ ಚಿತ್ರಗಳು ಹೋಗಿ ಕಾಗದದವು ಬಂದಿವೆ. ಚರ್ಚು ಸರಿಸಿದ ಮೇಲೆ ಗೋಡೆ ಬಿರುಕು ಬಿಟ್ಟಿದ್ಯಾ ಅಂತ ವಿಂತಿಲಾ ನೋಡೋಕೆ ಹೋದಾಗ ಅದೂ ಕಣ್ಣಿಗೆ ಬಿತ್ತು. ಅಲ್ವಾ?"

ಪರ್ವು ಟೋಪಿಯನ್ನು ಹಿಂಡಿದ. "ಹೇಗೂ ಕೆಡವ್ತಾರೆ ಅಂತ ಮಾರ್ದೆ. ಮಣ್ಣಾಗೋದಕ್ಕಿಂತ ವಾಸಿ ಅಲ್ವಾ? ಇವಳು ಉಳಿಸ್ತಾಳೆ ಅಂತ ಯಾರಿಗ್ಗೊತ್ತಿತ್ತು? ಅವನು ಊರಿಗೆಲ್ಲಾ ಹೇಳ್ತೀನಿ ಅಂದ. ಹಾರೆ ಅಲ್ಲೇ ಇತ್ತು."

ಪೊಲೀಸರು ಅವನನ್ನು ಎಳೆದುಕೊಂಡು ಹೋದರು. ಸ್ಟೊಯಿಕಾ ಎದ್ದು ನಿಂತ. ಅವನ ಮುಖ ಅರಳಿತ್ತು.

"ಭೇಷ್ ಕಾಮ್ರೇಡ್! ಚರ್ಚಿನವನೇ ಕಳ್ಳ, ಚರ್ಚಿನವನೇ ಕೊಲೆಗಾರ. ಇನ್ನು ಈ ಚರ್ಚನ್ನ ಉಳಿಸಿ ಅಂತ ಯಾವನು ಕೇಳ್ತಾನೆ? ಈ ವಾರವೇ ಕೆಡವೋ ಯಂತ್ರ ಕಳಿಸ್ತೀನಿ."

ರುಕ್ಸಾಂದ್ರ ತುದೊರಾಕೆಯ ಕಡೆ ತಿರುಗಿದಳು. "ನಿಮ್ಮನ್ನ ಯಾರು ಕರೆದ್ರು?"

"ನೀವು ಜೈಲಿಗೆ ಹೋಗ್ತಿದ್ರಿ ತಾಯಿ."

"ಹೋಗ್ತಿದ್ದೆ. ಚರ್ಚು ನಿಂತಿರ್ತಿತ್ತು."



ಚರ್ಚು ಒಂದೇ ಬೆಳಿಗ್ಗೆಯಲ್ಲಿ ನೆಲಸಮವಾಯಿತು. ಖಾಲಿ ಜಾಗದಲ್ಲಿ ನಿವಾಸಿಗಳು ಜಮಖಾನೆ ನೇತುಹಾಕಿ ಧೂಳು ಬಡಿಯಲು ಕಬ್ಬಿಣದ ಕಂಬಿಗಳ ಚೌಕಟ್ಟು ಆಗಬೇಕೆಂದು ಆದೇಶ ಬಂತು. ಅದರ ನಕ್ಷೆಯನ್ನು ರುಕ್ಸಾಂದ್ರಳಿಂದಲೇ ಬರೆಸಿದರು. ಅವಳು ಬರೆದು ಕೊಟ್ಟಳು. ತುದೊರಾಕೆ ಹಿತ್ತಲ ಕಡೆಯ ಕಿಟಕಿಯನ್ನು ಮತ್ತೆ ತೆರೆಯಲಿಲ್ಲ. ಲುಪಾನ್ ಮಾತ್ರ ಜಮಖಾನೆ ಹೊತ್ತುಕೊಂಡು ಇಳಿದು ಹೋಗಿ ಅಲ್ಲೇ ಬಡಿದ. ಬಡಿಯಲು ಬೇರೆ ಜಾಗವಿರಲಿಲ್ಲ.