ಹೋಲ್ಡ್‌ನಲ್ಲಿ ಉಳಿದ ಹಾಡು

ಮದುವೆಯಾಗೋಣವಾ ಎಂದು ಕೇಳಿದವಳು ನಾನು. ಅದೂ ಆಫೀಸಿನ ಕಾಫಿ ಮೆಷಿನ್ ಮುಂದೆ. ಕಪ್ ತುಂಬಿ, ಬಿಸಿ ಕಾಫಿ ಬೆರಳ ಮೇಲೆ ಹರಿದರೂ ಆ ಮನುಷ್ಯ ಕದಲಲಿಲ್ಲ.

"ನಾಳೆ ಹೇಳ್ತೀನಿ ಮೇಡಂ," ಎಂದರು, ಕಿವಿಯವರೆಗೂ ಕೆಂಪಾಗಿ.

ನಮ್ಮದು ವಾಷಿಂಗ್ ಮೆಷಿನ್ ರಿಪೇರಿಯ ಕಂಪನಿ. ನಾನು ಕಂಪ್ಲೇಂಟ್ ವಿಭಾಗದಲ್ಲಿ ಫೋನ್ ಎತ್ತುವವಳು. ಊರಿನವರ ಬೈಗುಳವೆಲ್ಲ ಮೊದಲು ನನ್ನ ಕಿವಿಗೇ. ಅವರು ಆಫೀಸಿನ ಫೋನ್ ಲೈನ್ ನೋಡಿಕೊಳ್ಳುವ ಟೆಕ್ನಿಷಿಯನ್. ಹೆಗಲ ಮೇಲೆ ಸದಾ ವೈರಿನ ಸುರುಳಿ ಇರುವುದರಿಂದ ನಾನಿಟ್ಟ ಹೆಸರು ವೈರಪ್ಪ. ನನ್ನ ಹೆಡ್‌ಫೋನ್ ಕೆಟ್ಟರೆ ಓಡಿ ಬರುತ್ತಿದ್ದರು, ಕೆಡದಿದ್ದರೂ ಬರುತ್ತಿದ್ದರು. ಮೇಜಿನಡಿ ಕೂತು, ಪ್ಲಗ್ ನೋಡುವ ನೆಪದಲ್ಲಿ ತಲೆಯೆತ್ತಿ ನನ್ನನ್ನು ನೋಡುತ್ತಿದ್ದರು. ನಾನು ತಿರುಗಿದೆನೋ, ಪ್ಲಗ್ಗನ್ನು ಜನ್ಮದಲ್ಲೇ ಕಾಣದವರಂತೆ ದಿಟ್ಟಿಸುತ್ತಿದ್ದರು. ಇಷ್ಟಾದ ಮೇಲೂ ಬಾಯಿ ಬಿಡದಿದ್ದರೆ ನಾನೇ ಕೇಳದೆ ಇನ್ನೇನು ಮಾಡಲಿ?

ಮರುದಿನ ಅವರು ಏನೂ ಹೇಳಲಿಲ್ಲ. ನಮ್ಮ ಸಾಲಿನ ತುದಿಯಲ್ಲಿ ನಿಂತು, ಪರೀಕ್ಷೆಯ ಫಲಿತಾಂಶ ನೋಡುವವರ ಹಾಗೆ ನನ್ನ ಮುಖ ನೋಡಿದರು. ನಾನು ಹುಬ್ಬೇರಿಸಿ 'ಏನು?' ಎಂದೆ. ಅವರೂ ಹುಬ್ಬೇರಿಸಿದರು. ಆಮೇಲೆ ಹೊರಟೇ ಹೋದರು.

ತಲೆಬುಡ ತಿಳಿಯದೆ ಕೆಲಸಕ್ಕೆ ಕೂತೆ. ಬಂದ ಕರೆಯನ್ನು ಹೋಲ್ಡ್‌ಗೆ ಹಾಕಿದೆ. ಹೋಲ್ಡ್‌ನಲ್ಲಿ ಬರುವ ಸಂಗೀತ ಗಿರಾಕಿಗೆ ಮಾತ್ರ ಕೇಳಿಸುತ್ತದೆ. ನಮ್ಮ ಕಿವಿಗೆ ಬರೀ ಮೌನ. ಅದರ ಹೆಸರಷ್ಟೇ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಅಂದು ಹೆಸರು ಬದಲಾಗಿತ್ತು: 'ಹೋಲ್ಡ್ ಯುವರ್ ಹಾರ್ಸಸ್'. ಸಂಗೀತ ಬದಲಿಸುವ ಕೆಲಸ ವೈರಪ್ಪನವರದೇ.

"ಅಕ್ಕ, ಇದರ ಅರ್ಥ ಏನು?" ಎಂದು ಪಕ್ಕದ ಸೀಟಿನ ಅಕ್ಕನನ್ನು ಕೇಳಿದೆ.

"ಕುದುರೆ ಹಿಡ್ಕೋ ಅಂತ ಕಣೆ. ಅಂದ್ರೆ ಅವಸರ ಮಾಡ್ಬೇಡ, ಸುಮ್ನಿರು."

"ಯಾರ ಕುದುರೆ?"

"ನಿಂದೇ ಇರ್ಬೇಕು. ಕಡಿವಾಣ ಇಲ್ದೆ ಕಾಫಿ ಮೆಷಿನ್‌ವರೆಗೂ ಓಡಿತ್ತಲ್ಲ!"

ಇದೇ ಉತ್ತರವೇ? ಬೇಡ ಅಂದರೆ ಬೇಡ ಎಂದು ಕಡ್ಡಿ ಮುರಿದ ಹಾಗೆ ಹೇಳಬಾರದೇ? ಅದೇನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ?

ಮನೆಗೆ ಹೋಗುವಾಗ ಬಸ್ಸಿನಲ್ಲಿ ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಅದೇ ಹೆಸರಿನ ಹಾಡುಗಳು ರಾಶಿ ರಾಶಿ ಬಂದವು. ಒಂದರಲ್ಲಿ ಬರೀ ಡ್ರಮ್ಮು, ಕಿರುಚಾಟ. ಒಂದರಲ್ಲಿ ಹೆಣ್ಣೊಬ್ಬಳು ಗಂಡನನ್ನು ಮನೆಯಿಂದ ಹೊರಗಟ್ಟುತ್ತಿದ್ದಳು. ಇನ್ನೊಂದು ಮಕ್ಕಳನ್ನು ಮಲಗಿಸುವ ಪದ. ಇವುಗಳಲ್ಲಿ ಯಾವುದು ನನ್ನದು? ಇಳಿಯಬೇಕಾದ ಸ್ಟಾಪ್ ದಾಟಿ ಹೋಯಿತು.

ಆ ದಿನಗಳಲ್ಲಿ ಗಿರಾಕಿಗಳಿಗೂ ಏನೋ ಆಗಿತ್ತು. ಬೈಯಲು ಫೋನ್ ಮಾಡಿದವರು ಹೋಲ್ಡ್ ಮುಗಿಯುವಷ್ಟರಲ್ಲಿ ಮೆತ್ತಗಾಗುತ್ತಿದ್ದರು. ಒಬ್ಬ ಯಜಮಾನರು ಮೂಗೆಳೆದುಕೊಂಡು, "ಪರವಾಗಿಲ್ಲಮ್ಮ, ಮೆಕ್ಯಾನಿಕ್‌ನ ನಿಧಾನಕ್ಕೇ ಕಳ್ಸಿ," ಎಂದರು. ಒಬ್ಬ ಅಜ್ಜಿಯಂತೂ ನನ್ನನ್ನೇ ಗದರಿದರು: "ಇಷ್ಟು ಬೇಗ ಯಾಕೆ ಬಂದೆ? ಇನ್ನೊಂಚೂರು ಕಾಯ್ಸು." ಲೋಕಕ್ಕೇ ಬುದ್ಧಿ ಕೆಟ್ಟಿದೆಯೋ, ನನಗೊಬ್ಬಳಿಗೋ ಗೊತ್ತಾಗಲಿಲ್ಲ.

ಇತ್ತ ವೈರಪ್ಪನವರು ದಿನದಿನಕ್ಕೂ ಬಾಡಿದರು. ನನ್ನ ಮೇಜಿನ ಕಡೆ ಬರುವುದನ್ನೇ ಬಿಟ್ಟರು. ಕೊನೆಗೊಂದು ಬೆಳಿಗ್ಗೆ ಮ್ಯಾನೇಜರ್ ಹೇಳಿದರು, ಅವರಾಗಿಯೇ ಕೇಳಿ ಬೇರೆ ಊರಿನ ಶಾಖೆಗೆ ಹೋಗುತ್ತಿದ್ದಾರೆ, ಸಂಜೆಯೇ ಹೊರಡುತ್ತಾರೆ ಎಂದು.

ಮೆಟ್ಟಿಲ ಹತ್ತಿರ ಅಡ್ಡಹಾಕಿದೆ. "ಒಂದು ಮಾತು ಹೇಳ್ದೆ ಹೋಗ್ತಿದ್ದೀರಾ?"

"ಹೇಳಿದ್ನಲ್ಲ ಮೇಡಂ."

"ಹೇಳಿದ್ದು ಗೊತ್ತಾಯ್ತು ಬಿಡಿ."

"ಗೊತ್ತಾಗಿಯೂ ಸುಮ್ನಿದ್ರಲ್ಲ..." ಎಂದು ನನ್ನತ್ತ ಒಮ್ಮೆ ನೋಡಿದರು. ಆ ಕಣ್ಣಲ್ಲಿ ನೀರಿತ್ತು. ಬೇಡ ಅಂದವರ ಕಣ್ಣಲ್ಲಿ ನೀರೇಕೆ? ಕೇಳುವಷ್ಟರಲ್ಲಿ ಕೆಳಗಿಳಿದು ಹೋಗಿದ್ದರು.

ಸೀಟಿಗೆ ಬಂದರೆ ಅದೇ ಅಜ್ಜಿಯ ಫೋನು.

"ಮೆಷಿನ್ ಸರಿಯಾಗಿದೆ ತಾಯಿ. ಆ ಹುಡುಗನ ವಿಷಯ ಏನಾಯ್ತು?"

"ಯಾವ ಹುಡುಗ ಅಜ್ಜಿ?"

"ನಿಮ್ಮ ಫೋನಲ್ಲಿ ಹಾಡ್ತಾನಲ್ಲ, ಪಾಪ. ಅವಳೇ ಬಂದು ಕೇಳಿದ್ಲಂತೆ, ಇವನಿಗೆ ಕೈ ಸುಟ್ರೂ ಬಾಯಿ ಬರ್ಲಿಲ್ಲವಂತೆ. ಅವಳಿಗೆ ಇನ್ನೂ ಕೇಳಿಸಿಲ್ವಾ?"

ಹೆಡ್‌ಫೋನ್ ಕಿತ್ತಿಟ್ಟು, ಕಾರಿಡಾರಿಗೆ ಓಡಿ, ನನ್ನ ಮೊಬೈಲಿನಿಂದ ನಮ್ಮ ಕಂಪನಿಗೇ ಫೋನ್ ಮಾಡಿದೆ. ಎತ್ತಿದ್ದು ಅಕ್ಕ.

"ಅಕ್ಕ, ನಾನೇ. ಹೋಲ್ಡ್‌ಗೆ ಹಾಕು."

"ಹುಚ್ಚು ಹಿಡೀತಾ?"

"ಹಾಕೇ, ನಿಂಗೆ ಕೈ ಮುಗೀತೀನಿ!"

ಮೊದಲು ಮೌತ್ ಆರ್ಗನ್. ಆಮೇಲೆ ಅವರ ದನಿ, ಸ್ವಲ್ಪ ಅಪಸ್ವರ, ಸ್ವಲ್ಪ ನಡುಕ:

ನೀ ಕೇಳಿದ್ದು ಒಂದೇ ಮಾತು, ನನ್ನ ನಿದ್ದೆ ಹಾರಿತು;
ಹೂಂ ಎಂದು ಹೇಳಲಿಕ್ಕೇ ಇಷ್ಟು ರಾಗ ಬೇಕಾಯಿತು.

ಗೋಡೆಗೊರಗಿ ಅತ್ತೆ. ಅಳುತ್ತಲೇ ನಕ್ಕೆ. ಇಷ್ಟು ದಿನ ನನ್ನ ಕೈಯಾರೆ ಆ ಹಾಡನ್ನು ಕಂಡಕಂಡವರಿಗೆಲ್ಲ ಕೇಳಿಸಿದ್ದೆ.

ನೆಲಮಾಳಿಗೆಯ ಲೈನ್ ರೂಮಿನಲ್ಲಿ ಅವರು ಸ್ಕ್ರೂಡ್ರೈವರುಗಳನ್ನು ಬ್ಯಾಗಿಗೆ ತುಂಬುತ್ತಿದ್ದರು.

"ನಿಮ್ಮ ಹಾಡು ಊರಿಗೆಲ್ಲ ಕೇಳಿಸಿದೆ. ನಾನು ಈಗ ಕೇಳಿದೆ," ಎಂದೆ.

"ಈಗಲಾ? ದಿನವಿಡೀ ನೀವೇ ಹೋಲ್ಡ್ ಒತ್ತುತ್ತೀರಲ್ಲ ಮೇಡಂ!"

"ಒತ್ತಿದೋರಿಗೆ ಕೇಳಿಸಲ್ಲ ಮಹಾಶಯರೇ. ಅಷ್ಟೂ ಗೊತ್ತಿಲ್ವಾ?"

ಅವರು ಬಿಟ್ಟ ಬಾಯಿ ಮುಚ್ಚಲಿಲ್ಲ. "ನಾನು ಟೆಸ್ಟ್ ಮಾಡೋದು ಹೊರಗಿನಿಂದ ಫೋನ್ ಮಾಡಿ. ನಿಮ್ಮ ಸೀಟಲ್ಲಿ ಯಾವತ್ತೂ ಕೂತಿಲ್ಲ... ಹಾಗಾದ್ರೆ ನಿಮಗೆ ಗೊತ್ತಾಯ್ತು ಅಂದಿದ್ದು?"

"ಹೆಸರು. ಕುದುರೆ ಹಿಡ್ಕೊಂಡು ಸುಮ್ನಿರು ಅಂದ್ರಿ ಅಂದ್ಕೊಂಡೆ."

"ಅಯ್ಯೋ, ಅದು ಮ್ಯಾನೇಜರ್ ಕಣ್ಣಿಗೆ ಮಣ್ಣೆರಚೋಕೆ ಇಟ್ಟ ಹೆಸರು! ಹೋಲ್ಡ್ ಅಂತ ಶುರುವಾಗತ್ತೆ, ಆ ಹೆಸರಲ್ಲಿ ಎಷ್ಟೋ ಹಾಡಿವೆ, ಯಾರಿಗೂ ಅನುಮಾನ ಬರಲ್ಲ ಅಂತ..." ತಲೆಯ ಮೇಲೆ ಕೈಹೊತ್ತು ಸ್ಟೂಲಿನ ಮೇಲೆ ಕುಸಿದರು. "ನಿಮಗೆ ಇಷ್ಟ ಇಲ್ಲ ಅಂತ ನಾನೇ ಕೇಳಿ ಆ ಊರಿಗೆ ವರ್ಗ ತಗೊಂಡ್ಬಿಟ್ಟೆ. ಇನ್ನು ಬದಲಾಯಿಸಕ್ಕಾಗಲ್ಲ. ಈಗೇನು ಮಾಡೋದು?"

ಇಷ್ಟು ದಿನ ಕೇಳುವ ಪಾಲೆಲ್ಲ ನನ್ನದಾಗಿತ್ತು; ಈ ಸಲ ಬಾಯಿ ಬಿಡಬೇಕಾದವರು ಅವರು. ಕೈಕಟ್ಟಿ ನಿಂತೆ. ಅವರು ವೈರು ನೋಡಿದರು, ಸೂರು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಲ್ಲಿ ಇಬ್ಬರಿಗೆ ಸಾಕಾಗೋ ಮನೆ ನೋಡ್ತೀನಿ. ನೀವು... ಬರ್ತೀರಾ ಮೇಡಂ?"

"ಮೇಡಂ ಬರಲ್ಲ."

ಅವರ ಮುಖ ಬಿಳಿಚಿಕೊಂಡಿತು. ಆಮೇಲೆ ನನ್ನ ತುಟಿಯಂಚಿನ ನಗು ಕಂಡು, ಗಂಟಲು ಸರಿಮಾಡಿಕೊಂಡರು. ನನ್ನ ಕೈ ಹಿಡಿದರು.

"ಬರ್ತೀಯಾ?"

ನಾನು ಅವರನ್ನು ಒಂದು ಕ್ಷಣವೂ ಕಾಯಿಸಲಿಲ್ಲ.